ಆಟಿಸಂ ಇರುವ ಮಗು ಹೊಸ ಶಾಲೆಗೆ ಹೊರಟಾಗ: ಒಬ್ಬ ಟೈಲರ್ ಅಮ್ಮ ಕಲಿತದ್ದು

ನಾನು ಬಟ್ಟೆ ಹೊಲಿಯುವವಳು. ಅದಕ್ಕೇ ಈ ಬರಹ ಯೂನಿಫಾರ್ಮಿನ ಕಾಲರಿನಿಂದ ಶುರುವಾಗುತ್ತದೆ. ಅದಕ್ಕೂ ಮುಂಚೆ ನಮ್ಮ ಮನೆಯ ಕಥೆ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ.

ನನ್ನ ಮಗನಿಗೆ ಈಗ 10 ವರ್ಷ. ಅವನಿಗೆ ಆಟಿಸಂ (ಮಾತು, ಬೆರೆಯುವುದು, ಸದ್ದು-ಸ್ಪರ್ಶದ ಅನುಭವ ಬೇರೆ ಥರ ಇರುವ ಮಿದುಳಿನ ಬೆಳವಣಿಗೆ) ಇದೆ ಅಂತ ಗೊತ್ತಾಗಿದ್ದು 4ನೇ ವರ್ಷದಲ್ಲಿ. 9ನೇ ವರ್ಷದಲ್ಲಿ ಶಾಲೆ ಬದಲಿಸಿದೆವು. ಹಳೆ ಶಾಲೆಯಲ್ಲಿ ಅವನನ್ನು ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಸುಮ್ನೆ ಮರೆತುಬಿಟ್ಟರು. ಮೂರು ವರ್ಷವೂ ಕಿಟಕಿ ಪಕ್ಕದ ಕೊನೆ ಬೆಂಚು. "ಏನೂ ತೊಂದರೆ ಕೊಡಲ್ಲ, ಒಳ್ಳೆ ಹುಡುಗ" ಅನ್ನುವುದು ಪ್ರತಿ ಸಲದ ವರದಿ. ನನಗೂ ಅಷ್ಟೇ ಸಾಕಾಗಿತ್ತು. ಆ ಮೂರು ವರ್ಷದಲ್ಲಿ ಅವನ ಬಾಯಿಂದ ಇನ್ನೊಂದು ಮಗುವಿನ ಹೆಸರು ಒಂದು ಸಲವೂ ಬಂದಿರಲಿಲ್ಲ ಅನ್ನುವುದು ನನಗೆ ಹೊಳೆದದ್ದು ತಡವಾಗಿ.

ಹೊಸ ಶಾಲೆಗೆ ಸೇರಿಸುವಾಗ ಮಾಡಿದ್ದರಲ್ಲಿ ಕೆಲವು ಕೈ ಹಿಡಿದವು, ಕೆಲವು ಪೂರ್ತಿ ಕೆಟ್ಟವು. ಎರಡನ್ನೂ ಬರೆಯುತ್ತೇನೆ. ಆದರೆ ಆಟಿಸಂ ಇರುವ ಇಬ್ಬರು ಮಕ್ಕಳು ಒಂದೇ ಥರ ಇರುವುದಿಲ್ಲ. ನನ್ನವನು ಮಾತಾಡುತ್ತಾನೆ, ಗಾಬರಿಯಾದಾಗ ಮಾತ್ರ ಮಾತು ನಿಂತುಹೋಗುತ್ತದೆ. ಸದ್ದು ಆಗುವುದಿಲ್ಲ. ಬೀಗ ಅಂದರೆ ಪ್ರಾಣ. ನಿಮ್ಮ ಮಗುವಿಗೆ ಸದ್ದೇ ಇಷ್ಟವಿರಬಹುದು, ಮಾತೇ ಇನ್ನೂ ಬಂದಿಲ್ಲದಿರಬಹುದು. ನನ್ನ ಮಗನ ಅಳತೆಯ ಅಂಗಿ ನಿಮ್ಮ ಮಗುವಿಗೆ ಹಾಗೇ ಕೂರುವುದಿಲ್ಲ. ಬೇಕಾದ ಕಡೆ ಬಿಚ್ಚಿ ಹೊಲಿದುಕೊಳ್ಳಿ.

ಮೊದಲು ಯೂನಿಫಾರ್ಮು

ಹೊಸ ಬಟ್ಟೆ ಹಾಕಿಕೊಂಡ ಐದು ನಿಮಿಷಕ್ಕೆ ನಮಗೆ ಅದು ಮೈಮೇಲಿದೆ ಅನ್ನುವುದೇ ಮರೆತುಹೋಗುತ್ತದೆ. ನನ್ನ ಮಗನಿಗೆ ಮರೆಯುವುದಿಲ್ಲ. ಕಾಲರಿನ ಲೇಬಲ್ಲು ಬೆಳಿಗ್ಗೆ ಎಷ್ಟು ಚುಚ್ಚುತ್ತದೋ ಸಂಜೆಯೂ ಅಷ್ಟೇ ಚುಚ್ಚುತ್ತದೆ. ಅದನ್ನು ಸಹಿಸಿಕೊಂಡು ಕೂತ ಮಗುವಿಗೆ ಪಾಠ ತಲೆಗೆ ಹೋಗುವುದೆಲ್ಲಿ, ಪಕ್ಕದವನ ಜೊತೆ ನಗುವುದೆಲ್ಲಿ? ಇದನ್ನು "ನಖರಾ" ಅಂತ ಅನ್ನುವವರು ಇನ್ನೂ ಇದ್ದಾರೆ. ಅವರಿಗೆ ಹೇಳಿ: ಡಾಕ್ಟರುಗಳು ಆಟಿಸಂ ಗುರುತಿಸಲು ಬಳಸುವ ಡಿಎಸ್‌ಎಂ-5 ಕೈಪಿಡಿ 2013ರಲ್ಲಿ ಬಂದಾಗ, ಸ್ಪರ್ಶ, ಸದ್ದು, ಬೆಳಕು ಜಾಸ್ತಿ ತಾಕುವುದನ್ನೂ ಕಡಿಮೆ ತಾಕುವುದನ್ನೂ ಲಕ್ಷಣಗಳ ಪಟ್ಟಿಗೇ ಸೇರಿಸಿದರು.

ಲೇಬಲ್ಲನ್ನು ಕತ್ತರಿಯಿಂದ ಕತ್ತರಿಸಬೇಡಿ. ಉಳಿದ ಮೊಂಡು ಅಂಚು ಇನ್ನೂ ಜಾಸ್ತಿ ಚುಚ್ಚುತ್ತದೆ. ಸೂಜಿಯ ತುದಿಯಿಂದ ಹೊಲಿಗೆಯನ್ನೇ ಒಂದೊಂದಾಗಿ ಬಿಚ್ಚಿ. ಕಾಲರ್ ನೆಟ್ಟಗೆ ನಿಲ್ಲಲಿ ಅಂತ ಒಳಗೆ ಗಟ್ಟಿ ಕ್ಯಾನ್ವಾಸ್ ಕೂರಿಸಿರುತ್ತಾರೆ. ನಾನು ಅದನ್ನು ತೆಗೆದು ಹಳೆ ಬನಿಯನ್ನಿನ ಬಟ್ಟೆ ಹಾಕಿದೆ. ಕಾಲರ್ ಸ್ವಲ್ಪ ಮಲಗಿದ ಹಾಗೆ ಕಾಣುತ್ತದೆ, ಕಾಣಲಿ. ಪಕ್ಕದ ಹೊಲಿಗೆಯ ಓವರ್‌ಲಾಕ್ ದಾರ ನೈಲಾನಿನದ್ದಾದರೆ ಅದರ ಮೇಲೆ ಮೆತ್ತನೆ ಹತ್ತಿ ಬಟ್ಟೆಯ ಪಟ್ಟಿ ಹೊಲಿಯಿರಿ. ಕಾಲುಚೀಲ ತಿರುವಿ ಹಾಕಿ, ಬೆರಳ ತುದಿಯ ಗಂಟು ಹೊರಗೆ ಹೋಗುತ್ತದೆ. ಶಾಲೆ ಶುರುವಾಗುವ ಮುಂಚೆ ಎಲ್ಲವನ್ನೂ ಐದಾರು ಸಲ ಒಗೆಯಿರಿ, ಗಂಜಿಯೂ ಹೊಸ ಬಟ್ಟೆಯ ವಾಸನೆಯೂ ಹೋಗಲಿ. ಮಶಿನ್ ಬಳಸಲು ಬಾರದಿದ್ದರೆ ನನ್ನಂಥ ಟೈಲರಿಗೆ ಕೊಡಿ, ಅರ್ಧ ಗಂಟೆಯ ಕೆಲಸ. ಯಾಕೆ ಅಂತ ಹೇಳಿ ಕೊಡಿ. ಇಲ್ಲದಿದ್ದರೆ ಕ್ಯಾನ್ವಾಸ್ ವಾಪಸ್ ಕೂರಿಸಿ ಕಳಿಸುತ್ತಾರೆ!

ಆಮೇಲೆ ಆ ಬಟ್ಟೆಯನ್ನು ಮನೆಯಲ್ಲೇ ಹಾಕಿಸಿ. ಮೊದಲ ಸಂಜೆ ಹತ್ತು ನಿಮಿಷ, ಅವನ ಇಷ್ಟದ ಕೆಲಸ ಮಾಡುವಾಗ. ಎರಡು ವಾರದಲ್ಲಿ ನನ್ನ ಮಗ ಯೂನಿಫಾರ್ಮ್ ಹಾಕಿಕೊಂಡೇ ಇಡೀ ಸಂಜೆ ಬೀಗ ಬಿಚ್ಚುತ್ತ ಕೂರುವ ಹಾಗಾಯಿತು. ಮೊದಲ ದಿನ ಶಾಲೆಯಲ್ಲಿ ಎಲ್ಲವೂ ಹೊಸದಿರುತ್ತದೆ. ಮೈಮೇಲಿನದ್ದಾದರೂ ಹಳೆಯದಿರಲಿ.

ಖಾಲಿ ಶಾಲೆ ತೋರಿಸಿ

ಮಕ್ಕಳಿಲ್ಲದ ಹೊತ್ತಿನಲ್ಲಿ ಶಾಲೆ ನೋಡಲು ಬಿಡಿ ಅಂತ ಕೇಳಿದೆ. ಮೂರು ಸಂಜೆ, ದಿನಕ್ಕೆ ಇಪ್ಪತ್ತು ನಿಮಿಷ. ಮೊದಲ ದಿನ ಗೇಟಿನಿಂದ ಕ್ಲಾಸಿನವರೆಗೆ ನಡೆದು ವಾಪಸ್ ಬಂದೆವು. 112 ಹೆಜ್ಜೆ, ಅವನು ಎಣಿಸಿದ. ಎರಡನೇ ದಿನ ಶೌಚಾಲಯ.

ಶೌಚಾಲಯವನ್ನು ಬಿಡಲೇಬೇಡಿ. ಹಳೆ ಶಾಲೆಯಲ್ಲಿ ನನ್ನ ಮಗ ದಿನವಿಡೀ ತಡೆದುಕೊಂಡೇ ಇರುತ್ತಿದ್ದ ಅಂತ ನನಗೆ ಗೊತ್ತಾಗಿದ್ದು, ಅವನು ನೀರಿನ ಬಾಟಲಿಯನ್ನು ಮುಟ್ಟದೇ ವಾಪಸ್ ತರುತ್ತಿದ್ದುದರಿಂದ. ವಾಸನೆ, ಫ್ಲಶ್ಶಿನ ಸದ್ದು, ಚಿಲಕ ಬೀಳುತ್ತದೋ ಇಲ್ಲವೋ ಅನ್ನುವ ಭಯ, ಇಷ್ಟು ಸಾಕು. ಹೊಸ ಶಾಲೆಯಲ್ಲಿ ನಾಲ್ಕು ಬಾಗಿಲಿನ ಚಿಲಕವನ್ನೂ ಅವನೇ ಹಾಕಿ ತೆಗೆದು ನೋಡಿದ. ಮೂರನೆಯದು ಸರಿಯಾಗಿದೆ ಅಂತ ತೀರ್ಮಾನವಾಯಿತು. ಇವತ್ತಿಗೂ ಅವನದ್ದು ಮೂರನೆಯದೇ.

ಮೂರನೇ ದಿನ ಬೆಲ್ಲು. ಅದರ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದೆ. ಮನೆಯಲ್ಲಿ ಮೊದಲು ತೀರಾ ಸಣ್ಣಗೆ, ದಿನ ಕಳೆದ ಹಾಗೆ ಸ್ವಲ್ಪ ಸ್ವಲ್ಪ ಜೋರಾಗಿ. ಫೋನು ಮಾತ್ರ ಅವನ ಕೈಯಲ್ಲೇ ಇರಬೇಕು. ನಾನು ಒತ್ತಿದರೆ ಹಿಂಸೆ, ಅವನು ಒತ್ತಿದರೆ ಆಟ.

ಅಲ್ಲಿ ತೆಗೆದ ಫೋಟೋಗಳನ್ನು ಅಂಟಿಸಿ ಒಂದು ಪುಟ್ಟ ಪುಸ್ತಕ ಮಾಡಿದೆ. ಈ ದಾರಿ ನನ್ನದಲ್ಲ. 1990ರ ಸುಮಾರಿಗೆ ಅಮೆರಿಕದ ಕ್ಯಾರಲ್ ಗ್ರೇ ಅನ್ನುವ ಶಿಕ್ಷಕಿ ಇಂಥ ಪುಟ್ಟ ಕಥೆಗಳನ್ನು ಬರೆಯುವ ಪದ್ಧತಿ ಶುರು ಮಾಡಿದರು. ಅದರ ಗುಟ್ಟು ಇಷ್ಟೇ: ಹೀಗೆ ಮಾಡು ಹಾಗೆ ಮಾಡು ಅಂತ ಅಪ್ಪಣೆ ಕೊಡುವುದು ಕಡಿಮೆ ಇರಬೇಕು, ಅಲ್ಲಿ ಏನು ನಡೆಯುತ್ತದೆ ಅಂತ ತಿಳಿಸುವುದು ಜಾಸ್ತಿ ಇರಬೇಕು. ನಾನು ಬರೆದ ಒಂದು ಪುಟ ಹೀಗಿತ್ತು: "ಬೆಲ್ ಜೋರಾಗಿ ಹೊಡೆಯುತ್ತದೆ. ನಾನು ಆರು ಎಣಿಸುವಷ್ಟರಲ್ಲಿ ನಿಲ್ಲುತ್ತದೆ. ಕೆಲವರು ಕಿವಿ ಮುಚ್ಚಿಕೊಳ್ಳುತ್ತಾರೆ. ನಾನೂ ಮುಚ್ಚಿಕೊಳ್ಳಬಹುದು."

ಒಂದು ಕಡೆ ಎಡವಿದೆ. "ಟೀಚರ್ ಬಾಗಿಲ ಹತ್ತಿರ ನಿಂತಿರುತ್ತಾರೆ" ಅಂತ ಬರೆದಿದ್ದೆ. ನಾಲ್ಕನೇ ದಿನ ಟೀಚರ್ ರಜೆ. ಇವನು ಬ್ಯಾಗು ಹೆಗಲಿಗೆ ಹಾಕಿಕೊಂಡೇ ಬಾಗಿಲಲ್ಲಿ ಒಂದು ಪೀರಿಯಡ್ಡು ಪೂರ್ತಿ ನಿಂತಿದ್ದ. ಒಳಗೆ ಬಾ ಅಂತ ಬೇರೆ ಟೀಚರ್ ಕರೆದರೂ ಹೋಗಲಿಲ್ಲ. ಪುಸ್ತಕದಲ್ಲಿ ಹಾಗೆ ಇಲ್ವಲ್ಲ! ಆ ರಾತ್ರಿ ಪ್ರತಿ ಪುಟಕ್ಕೂ "ಸಾಮಾನ್ಯವಾಗಿ" ಅನ್ನುವ ಪದ ಸೇರಿಸಿದೆ. ನೀವು ಮೊದಲೇ ಸೇರಿಸಿಬಿಡಿ.

ಟೀಚರಿಗೆ ಒಂದೇ ಹಾಳೆ

ನನ್ನ ಹತ್ತಿರ ದಪ್ಪ ಫೈಲಿತ್ತು. ವರದಿಗಳು, ಪರೀಕ್ಷೆಗಳು, ಅಂಕಗಳು. ಕ್ಲಾಸ್ ಟೀಚರ್ ಅದನ್ನು ಗೌರವದಿಂದ ತೆಗೆದುಕೊಂಡು ಗೌರವದಿಂದ ಬೀರುವಿನಲ್ಲಿಟ್ಟರು. 35 ಮಕ್ಕಳಿರುವ ಕ್ಲಾಸಿನಲ್ಲಿ ಅದನ್ನು ಓದಲು ಅವರಿಗಾದರೂ ಹೊತ್ತೆಲ್ಲಿದೆ? ಮಾರನೇ ದಿನ ಒಂದೇ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಅದನ್ನು ಬೀರುವಿನ ಬಾಗಿಲ ಒಳಮೈಗೆ ಅಂಟಿಸಿಕೊಂಡರು. ಅದರಲ್ಲಿದ್ದದ್ದು ಇಷ್ಟು:

ಗಾಬರಿಯಾಗುವ ಮುಂಚೆ ಕಾಲರ್ ಹಿಡಿದು ಎಳೆಯುತ್ತಾನೆ. ಆಗ "ಏನಾಯ್ತು?" ಅಂತ ಕೇಳಬೇಡಿ. "ಬಾಟಲಿಗೆ ನೀರು ತುಂಬಿಸಿಕೊಂಡು ಬಾ" ಅನ್ನಿ.

ನೆಲ ನೋಡುತ್ತಿರುವಾಗಲೇ ಚೆನ್ನಾಗಿ ಕೇಳಿಸಿಕೊಳ್ಳುತ್ತಾನೆ. ಮುಖ ನೋಡು ಅಂದರೆ ಮುಖ ನೋಡುವುದೇ ಒಂದು ಕೆಲಸವಾಗಿ, ಕೇಳಿಸಿಕೊಳ್ಳುವುದು ನಿಲ್ಲುತ್ತದೆ.

ಒಂದು ಸಲಕ್ಕೆ ಒಂದೇ ಮಾತು ಹೇಳಿ, ಮನಸ್ಸಿನಲ್ಲಿ ಹತ್ತು ಎಣಿಸಿ. ಉತ್ತರ ಬರುತ್ತದೆ, ತಡವಾಗಿ.

ಕೀಲಿ ತಿರುಗಿಸುವ ಹಾಗೆ ಮಣಿಕಟ್ಟು ತಿರುಗಿಸುತ್ತಿರುತ್ತಾನೆ. ಅದರಿಂದ ಅವನಿಗೆ ಸಮಾಧಾನ. ನಿಲ್ಲಿಸಬೇಡಿ.

ಮಾತು ನಿಂತಾಗ ಸೊಂಟಕ್ಕೆ ಕಟ್ಟಿಕೊಂಡಿರುವ ಕಾರ್ಡುಗಳನ್ನು ತೋರಿಸುತ್ತಾನೆ: ಸದ್ದು, ಶೌಚಾಲಯ, ಹೊರಗೆ, ಸಾಕು.

ಅವನಿಗೆ ಬೀಗಗಳ ಬಗ್ಗೆ ತುಂಬಾ ಗೊತ್ತು.

ಮೆಲ್ಟ್‌ಡೌನ್ (ತಾಳಲಾರದೆ ಮಗು ಹಿಡಿತ ತಪ್ಪುವುದು) ಬಗ್ಗೆ ಮಾತ್ರ ಬಾಯಲ್ಲೇ ಹೇಳಿದೆ. ರಂಪ ಮಾಡುವ ಮಗು ಏನೋ ಬೇಕು ಅಂತ ಮಾಡುತ್ತದೆ, ನಡುನಡುವೆ ನಮ್ಮ ಮುಖ ನೋಡುತ್ತದೆ, ಬೇಕಾದ್ದು ಸಿಕ್ಕರೆ ನಿಲ್ಲಿಸುತ್ತದೆ. ಮೆಲ್ಟ್‌ಡೌನಿಗೆ ನೋಡುವವರು ಬೇಕಿಲ್ಲ, ಬೇಡಿಕೆಯೂ ಇಲ್ಲ. ಹಾಲು ಉಕ್ಕಿದ ಹಾಗೆ. ಉಕ್ಕುತ್ತಿರುವ ಹಾಲಿಗೆ ಬುದ್ಧಿ ಹೇಳಿದರೆ ಏನು ಪ್ರಯೋಜನ? ಉರಿ ಕಡಿಮೆ ಮಾಡಬೇಕು: ಸದ್ದು ಕಡಿಮೆ, ಜನ ಕಡಿಮೆ, ಮಾತು ಕಡಿಮೆ. ಕೆಲವು ಮಕ್ಕಳು ಉಕ್ಕುವುದಿಲ್ಲ, ಒಳಗೇ ಮುಚ್ಚಿಕೊಂಡುಬಿಡುತ್ತಾರೆ. ಹಳೆ ಶಾಲೆಯವರು "ತೊಂದರೆ ಕೊಡಲ್ಲ" ಅಂದದ್ದು ಅದನ್ನೇ ನೋಡಿ.

ಒಂದು ಕೆಲಸ ಕೊಡಿ ಅಂತ ಕೇಳಿ

ಆತ್ಮವಿಶ್ವಾಸ ಬರಲಿ ಅಂತ ನಾನು ಮೊದಲು ಮಾಡಿದ್ದು ಹೊಗಳುವುದು. "ನೀನು ಜಾಣ, ನಿನ್ನ ಕೈಲಾಗುತ್ತೆ." ಅವನು ಒಂದು ಸಲ ಕೇಳಿದ, "ಏನು ಕೈಲಾಗುತ್ತೆ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಹಾಳೆಯ ಕೊನೆ ಸಾಲು ಕೆಲಸಕ್ಕೆ ಬಂತು. ಕ್ಲಾಸಿನ ಬೀರುವಿಗೆ ಒಂದು ಹಳೆ ಬೀಗ, ಯಾವಾಗಲೂ ಸಿಕ್ಕಿಕೊಳ್ಳುತ್ತಿತ್ತು. ಟೀಚರ್ ಅದನ್ನು ಎಳೆದಾಡುವಾಗ ಇವನು ಎದ್ದು ಹೋಗಿ, ಪೆನ್ಸಿಲ್ಲಿನ ಸೀಸವನ್ನು ಕೀಲಿಯ ಹಲ್ಲಿಗೆ ಉಜ್ಜಿ, ಎರಡು ಸಲ ಒಳಗೆ ಹೊರಗೆ ಆಡಿಸಿ ತೆಗೆದುಕೊಟ್ಟ. (ಎಣ್ಣೆ ಹಾಕಿದರೆ ಧೂಳು ಅಂಟಿ ಇನ್ನೂ ಕೆಡುತ್ತದಂತೆ. ಇದು ನನಗೂ ಅವನೇ ಹೇಳಿದ್ದು.) ಅವತ್ತಿನಿಂದ ಬೆಳಿಗ್ಗೆ ಬೀರು ತೆಗೆಯುವುದು, ಸಂಜೆ ಹಾಕುವುದು ಅವನ ಕೆಲಸ. ಪುಸ್ತಕ ಬೇಕಾದವರು ಅವನನ್ನೇ ಕೇಳಬೇಕು. 35 ಮಕ್ಕಳು ಅವನ ಹೆಸರು ಕಲಿತದ್ದು ಹಾಗೆ.

ನೀವೂ ಟೀಚರನ್ನು ಒಂದು ಕೆಲಸ ಕೇಳಿ. ಅದು ದಿನವೂ ಒಂದೇ ಹೊತ್ತಿಗೆ ಬರಬೇಕು, ನಿಜವಾಗಿ ಬೇಕಾದ ಕೆಲಸವಾಗಿರಬೇಕು, ಬೇರೆ ಮಕ್ಕಳಿಗೆ ಅದರಿಂದ ಏನಾದರೂ ಸಿಗಬೇಕು. ಪಾಪ ಅಂತ ಕೊಟ್ಟ ಕೆಲಸ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ.

ನಾನು ಕರೆದ ಆರು ಮಕ್ಕಳು

ಇದನ್ನು ಬರೆಯಲು ನಾಚಿಕೆ. ಎರಡನೇ ತಿಂಗಳು ನನಗೆ ಅವಸರವಾಯಿತು. ಬೀಗ ಎಲ್ಲಾ ಸರಿ, ಗೆಳೆಯರೆಲ್ಲಿ? ಅವನ ಕ್ಲಾಸಿನ ಆರು ಮಕ್ಕಳನ್ನು ಒಂದು ರಜೆಯ ದಿನ ಮನೆಗೆ ಕರೆದೆ. ಬಲೂನು ಕಟ್ಟಿದೆ. "ಹಾಯ್, ಬನ್ನಿ, ಆಡೋಣ" ಅಂತ ಹೇಳಲು ಒಂದು ವಾರ ಕನ್ನಡಿ ಮುಂದೆ ನಿಲ್ಲಿಸಿ ಅಭ್ಯಾಸ ಮಾಡಿಸಿದೆ. ಮಕ್ಕಳು ಬಂದರು. ಅವನು ಕನ್ನಡಿ ಮುಂದೆ ಹೇಳಿದ ಹಾಗೇ, ಅದೇ ರಾಗದಲ್ಲಿ, ಆರು ಜನರಿಗೂ ಒಬ್ಬೊಬ್ಬರಿಗೆ "ಹಾಯ್, ಬನ್ನಿ, ಆಡೋಣ" ಅಂದ. ಇಬ್ಬರು ನಕ್ಕರು. ಒಂದು ಬಲೂನು ಒಡೆಯಿತು. ಅವನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಉಳಿದ ಎರಡು ಗಂಟೆ ಆರು ಮಕ್ಕಳ ಜೊತೆ ನಾನೇ ಆಡಿದೆ.

ಆಮೇಲೆ ಓದುತ್ತ ಹೋದಾಗ ಒಂದು ವಿಷಯ ಸಿಕ್ಕಿತು. ತಾವೇ ಆಟಿಸಂ ಇರುವವರಾದ, ಬ್ರಿಟನ್ನಿನ ಡೇಮಿಯನ್ ಮಿಲ್ಟನ್ ಅನ್ನುವ ಸಮಾಜಶಾಸ್ತ್ರಜ್ಞರು 2012ರಲ್ಲಿ ಬರೆದದ್ದು ಇದು: ಆಟಿಸಂ ಇರುವವರಿಗೆ ಬೇರೆಯವರ ಮನಸ್ಸು ಅರ್ಥವಾಗುವುದಿಲ್ಲ ಅಂತ ನಾವು ಹೇಳುತ್ತೇವೆ, ಆದರೆ ನಮಗೂ ಅವರ ಮನಸ್ಸು ಅರ್ಥವಾಗುವುದಿಲ್ಲ. ತೊಡಕು ಇಬ್ಬರ ನಡುವೆ ಇದೆ, ಒಬ್ಬರ ತಲೆಯಲ್ಲಲ್ಲ. 2020ರಲ್ಲಿ ಎಡಿನ್‌ಬರೊದ ಸಂಶೋಧಕಿ ಕ್ಯಾಥರಿನ್ ಕ್ರಾಂಪ್ಟನ್ ಮತ್ತು ಜೊತೆಯವರು ಇದನ್ನು ಒಂದು ಥರದಲ್ಲಿ ಪರೀಕ್ಷಿಸಿದರು. ಒಬ್ಬರಿಗೆ ಒಂದು ಕಥೆ ಹೇಳುವುದು, ಅವರು ಮುಂದಿನವರಿಗೆ, ಹೀಗೆ ಎಂಟು ಜನ ದಾಟಿಸುವುದು. ಎಲ್ಲರಿಗೂ ಆಟಿಸಂ ಇದ್ದ ಸಾಲಿನಲ್ಲಿ ಕಥೆ ಎಷ್ಟು ಉಳಿಯಿತೋ, ಯಾರಿಗೂ ಇಲ್ಲದ ಸಾಲಿನಲ್ಲೂ ಸುಮಾರು ಅಷ್ಟೇ ಉಳಿಯಿತು. ಇಬ್ಬರನ್ನೂ ಬೆರೆಸಿದ ಸಾಲಿನಲ್ಲಿ ಜಾಸ್ತಿ ಕಳೆದುಹೋಯಿತು.

ನಾನು ಮಾಡಿದ್ದು ಏನು? ಸೇತುವೆಯನ್ನು ಪೂರ್ತಿ ಅವನೊಬ್ಬನ ಕೈಯಿಂದಲೇ ಕಟ್ಟಿಸಲು ಹೋದೆ, ಅದೂ ಆರು ಜನರ ಕಡೆಗೆ, ಒಂದೇ ದಿನದಲ್ಲಿ.

ಮಾತು ಬೇಡ, ನಡುವೆ ಒಂದು ವಸ್ತು ಇರಲಿ

ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಲೆಗಾಫ್ ಅವರ ಹತ್ತಿರ ಬರುತ್ತಿದ್ದ ಇಬ್ಬರು ಮಕ್ಕಳು ಒಂದು ದಿನ ಹೊರಗಿನ ಕೋಣೆಯಲ್ಲಿ ಕಾಯುವಾಗ ಲೆಗೋ (ಒಂದಕ್ಕೊಂದು ಜೋಡಿಸುವ ಪ್ಲಾಸ್ಟಿಕ್ ತುಂಡುಗಳು) ಇಟ್ಟುಕೊಂಡು ತಾವಾಗಿಯೇ ಜೊತೆಗೆ ಆಡುತ್ತಿದ್ದರಂತೆ. ಅದರಿಂದ ಬೆಳೆದ ಪದ್ಧತಿಯನ್ನು ಅವರು 2004ರಲ್ಲಿ ಪ್ರಕಟಿಸಿದರು. ಒಬ್ಬ ಚಿತ್ರ ನೋಡಿ ಹೇಳುವವನು, ಒಬ್ಬ ತುಂಡು ಹುಡುಕಿ ಕೊಡುವವನು, ಒಬ್ಬ ಕೂರಿಸುವವನು. ಆಮೇಲೆ ಪಾಳಿ ಬದಲು. ಒಬ್ಬರನ್ನೊಬ್ಬರು ಬಿಟ್ಟರೆ ಕೆಲಸ ಸಾಗುವುದಿಲ್ಲ, ಆದರೆ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ನಮ್ಮ ಶಾಲೆಯಲ್ಲಿ ಲೆಗೋ ಇರಲಿಲ್ಲ. ಆದರೆ ಪಾಠ ಸಿಕ್ಕಿತು: ಮಕ್ಕಳ ಸಂಖ್ಯೆ ಸಣ್ಣದಿರಲಿ, ಮಾಡುವ ಕೆಲಸ ಗಟ್ಟಿಯಿರಲಿ, ಯಾರ ಪಾಲು ಏನು ಅಂತ ಗೊತ್ತಿರಲಿ.

ಕ್ಲಾಸಿಗಿಂತ ಕಷ್ಟ ಬಿಡುವಿನ ಹೊತ್ತು. ಕ್ಲಾಸಿಗೆ ನಿಯಮ ಇದೆ, ಎಲ್ಲಿ ಕೂರಬೇಕು ಅಂತ ಗೊತ್ತು. ಮೈದಾನದಲ್ಲಿ ಏನೂ ಇಲ್ಲ. ಎಲ್ಲರೂ ಓಡುತ್ತಾರೆ, ಕಿರುಚುತ್ತಾರೆ, ಆಟದ ನಿಯಮ ನಡುವೆಯೇ ಬದಲಾಗುತ್ತದೆ. ಹಾಗಾಗಿ ಟೀಚರ್ ಜೊತೆ ಮಾತಾಡಿ ಬಿಡುವಿನಲ್ಲಿ ಅವನಿಗೆ ಒಂದು ಜಾಗ ಗೊತ್ತು ಮಾಡಿದೆವು: ಸೈಕಲ್ ನಿಲ್ಲಿಸುವ ಕಡೆಯ ಕಟ್ಟೆ. ನೆರಳಿದೆ, ಗೋಡೆ ಬೆನ್ನಿಗಿದೆ, ಸದ್ದು ದೂರ. ಒಬ್ಬನೇ ಕೂರಬೇಕು ಅನಿಸಿದರೆ ಕೂರಬಹುದು. ಒಂಟಿಯಾಗಿ ಕೂತ ಮಗುವನ್ನು ಕಂಡರೆ ಎಬ್ಬಿಸಿ ಗುಂಪಿಗೆ ತಳ್ಳುವ ದೊಡ್ಡವರಿದ್ದಾರೆ. ಅವರಿಗೆ ಮೊದಲೇ ಹೇಳಿಟ್ಟಿರಿ.

ಒಂದು ದಿನ ಅವನ ಕ್ಲಾಸಿನವನೇ ಒಬ್ಬ ಹುಡುಗ ಸೈಕಲ್ ಹತ್ತಿರ ಅಳುತ್ತ ನಿಂತಿದ್ದ. ನಂಬರಿನ ಬೀಗ, ಮೂರು ಚಕ್ರದ್ದು. ನಂಬರು ಮರೆತುಹೋಗಿದೆ. ನನ್ನ ಮಗ ಸಮಾಧಾನ ಮಾಡಲಿಲ್ಲ, ಯಾಕೆ ಅಳ್ತೀಯಾ ಅಂತಲೂ ಕೇಳಲಿಲ್ಲ. "ಸಾವಿರ ಇದೆ" ಅಂದ. ಕೂತು 000ದಿಂದ ಶುರು ಮಾಡಿದ. 001, ಎಳೆ. 002, ಎಳೆ. ಆ ಹುಡುಗ ಸ್ವಲ್ಪ ಹೊತ್ತು ನಿಂತು ನೋಡಿ, ಪಕ್ಕದಲ್ಲಿ ಕೂತ. ಇವನು ಚಕ್ರ ತಿರುಗಿಸಿದ, ಅವನು ನಂಬರ್ ಹೇಳಿ ಕೊಂಡಿ ಎಳೆದ. ಬೆಲ್ ಹೊಡೆದಾಗ 312ಕ್ಕೆ ಬಂದಿದ್ದರು. ಸೈಕಲ್ ಆ ರಾತ್ರಿ ಶಾಲೆಯಲ್ಲೇ ಉಳಿಯಿತು.

ಸಂಜೆ ಇವನ ಅಂಗೈಯಲ್ಲಿ ನೀಲಿ ಇಂಕಿನಲ್ಲಿ 312 ಅಂತ ಬರೆದಿತ್ತು. ಇದೇನು ಅಂದೆ. "ನಾಳೆ 313" ಅಂದ. ಆ ಹುಡುಗನ ಅಂಗೈಯಲ್ಲೂ ಅದೇ ಇತ್ತು ಅಂತ ಅವನ ಅಮ್ಮ ಆಮೇಲೆ ಹೇಳಿದರು. ಮಾರನೇ ದಿನ 586ಕ್ಕೆ ಬೀಗ ತೆರೆಯಿತು. ಅವತ್ತು ರಾತ್ರಿ ಊಟದ ಹೊತ್ತಿಗೆ ಮಗನ ಬಾಯಲ್ಲಿ ಇನ್ನೊಂದು ಮಗುವಿನ ಹೆಸರು ಮೊದಲ ಸಲ ಬಂತು. ನಾನು ಎದ್ದು ಅಡುಗೆಮನೆಗೆ ಹೋದೆ, ಉಪ್ಪು ತರುವ ನೆಪದಲ್ಲಿ.

ಇದನ್ನು ನಾನು ಮಾಡಿಸಲಿಲ್ಲ. ಆದರೆ ಅವನು ಅಲ್ಲಿ ಕೂತಿರುವ ಹಾಗೆ, ಮೈ ಚುಚ್ಚದ ಹಾಗೆ, ತಲೆ ತಣ್ಣಗಿರುವ ಹಾಗೆ ನೋಡಿಕೊಂಡಿದ್ದೆವು. ನಿಮ್ಮ ಮಗುವಿಗೆ ಬೀಗದ ಬದಲು ಗ್ರಹಗಳೋ ಲಿಫ್ಟುಗಳೋ ಇರುವೆಗಳೋ ಇರಬಹುದು. ಅದರ ಹುಚ್ಚು ಬಿಡಿಸಲು ಹೋಗಬೇಡಿ. ಗೆಳೆಯ ಬರುವುದಾದರೆ ಆ ಬಾಗಿಲಿಂದಲೇ ಬರುತ್ತಾನೆ.

ಗೆಳೆಯನೋ, ಆಡಿಸುವವನೋ

ಆಟಿಸಂ ಇರುವ ಮಕ್ಕಳಿಗೆ ಗೆಳೆಯರೇ ಬೇಡ ಅಂತ ಹೇಳುವವರಿಗೆ ನಾನು ಡೊನಾಲ್ಡ್ ಟ್ರಿಪ್ಲೆಟ್ ಕಥೆ ಹೇಳುತ್ತೇನೆ. ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಬಗ್ಗೆ ಬರೆದ ಲೇಖನದ 11 ಮಕ್ಕಳಲ್ಲಿ ಮೊದಲನೆಯವನು ಅವನು. ಅಮೆರಿಕದ ಮಿಸಿಸಿಪ್ಪಿಯ ಸಣ್ಣ ಊರು. ಹೈಸ್ಕೂಲಿನಲ್ಲಿ ಹುಡುಗರು ಶಾಲೆಯ ಗೋಡೆ ತೋರಿಸಿ ಇದರಲ್ಲಿ ಎಷ್ಟು ಇಟ್ಟಿಗೆ ಇದೆ ಅಂತ ಕೇಳಿದರಂತೆ. ಒಂದು ಕ್ಷಣ ನೋಡಿ ದೊಡ್ಡ ಸಂಖ್ಯೆ ಹೇಳಿಬಿಟ್ಟ. ಹುಡುಗರು ಬೆರಗಾದರು. ಊರಲ್ಲೆಲ್ಲಾ ಅದೇ ಸುದ್ದಿಯಾಯಿತು. ವಯಸ್ಸಾದ ಮೇಲೆ ಅವನೇ ಒಪ್ಪಿಕೊಂಡ, ಆ ಸಂಖ್ಯೆ ಸುಮ್ನೆ ಹೇಳಿದ್ದು, ಆ ಹುಡುಗರು ತನ್ನ ಬಗ್ಗೆ ಒಳ್ಳೆಯದು ಅಂದುಕೊಳ್ಳಲಿ ಅಂತ. ಅಷ್ಟು ಆಸೆ ಇತ್ತು ಅವನಿಗೆ. ಅವನ ಪುಣ್ಯ, ಊರು ಅವನನ್ನು ತನ್ನವನನ್ನಾಗಿ ಇಟ್ಟುಕೊಂಡಿತು. ಕಾಲೇಜು ಮುಗಿಸಿದ, ಬ್ಯಾಂಕಿನಲ್ಲಿ ಕೆಲಸ ಮಾಡಿದ, ಗಾಲ್ಫ್ ಆಡಿದ, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡ.

ಆ ಆಸೆಯನ್ನೇ ಹಿಡಿದು ಆಡಿಸುವವರೂ ಇರುತ್ತಾರೆ. ನಮ್ಮಲ್ಲೂ ಇಬ್ಬರು ಹುಡುಗರು "ಅದನ್ನ ಹೇಳು, ಇದನ್ನ ಮಾಡು" ಅಂತ ಮಾಡಿಸಿ ನಗುತ್ತಿದ್ದರು. ಇವನಿಗೆ ಅವರು ಗೆಳೆಯರೇ, ಯಾಕೆಂದರೆ ನಗುತ್ತಾರಲ್ಲ. "ಕೆಟ್ಟವರ ಸಹವಾಸ ಬೇಡ" ಅಂದರೆ ಅವನಿಗೆ ತಿಳಿಯುವುದಿಲ್ಲ. ಪರೀಕ್ಷೆ ಮಾಡಿ ನೋಡುವಂಥ ಪ್ರಶ್ನೆ ಬೇಕು. ನಾವು ಎರಡು ಬರೆದುಕೊಂಡೆವು. ನೀನು "ಸಾಕು" ಅಂದಾಗ ಆಟ ನಿಲ್ಲುತ್ತದಾ? ನೀನು ಆರಿಸಿದ ಆಟವನ್ನೂ ಅವರು ಆಡುತ್ತಾರಾ? ಎಷ್ಟು ಸಲ "ಹೌದು" ಅಂತ ಅವನು ಒಂದು ವಾರ ಲೆಕ್ಕ ಇಟ್ಟ. ಆ ಇಬ್ಬರದ್ದು ಸೊನ್ನೆ. ಬೀಗದ ಹುಡುಗನದ್ದು 4. ಮುಂದಿನ ತೀರ್ಮಾನ ಅವನೇ ಮಾಡಿದ. ಆ ಇಬ್ಬರ ವಿಷಯ ನಾನು ಟೀಚರಿಗೂ ಹೇಳಿದೆ. ಅದನ್ನು ಮಗುವಿನ ತಲೆಗೆ ಕಟ್ಟುವುದು ಸರಿಯಲ್ಲ.

ಕ್ಲಾಸಿಗೆ ಆಟಿಸಂ ಬಗ್ಗೆ ಹೇಳಬೇಕಾ ಅಂತ ತುಂಬ ಜನ ಕೇಳುತ್ತಾರೆ. ಮಗುವನ್ನೇ ಕೇಳಿ. ನನ್ನವನು ಬೇಡ ಅಂದ. ಬದಲಿಗೆ ಒಂದು ವಾಕ್ಯ ಸಿದ್ಧ ಮಾಡಿಕೊಂಡ. ಒಬ್ಬ ಹುಡುಗಿ "ಕೈ ಯಾಕೆ ಹಾಗೆ ತಿರುಗಿಸ್ತೀಯಾ?" ಅಂತ ಕೇಳಿದಾಗ, "ಹೀಗೆ ಮಾಡಿದ್ರೆ ತಲೆ ತಣ್ಣಗಾಗುತ್ತೆ" ಅಂದ. "ಓ" ಅಂದಳಂತೆ. ಮುಗೀತು.

ಸಂಜೆ ಬಾಗಿಲಲ್ಲಿ ಪ್ರಶ್ನೆ ಬೇಡ

ಶಾಲೆಯಲ್ಲಿ ದಿನವಿಡೀ ತಡೆದುಕೊಂಡದ್ದೆಲ್ಲ ಮನೆಯ ಹೊಸ್ತಿಲಲ್ಲಿ ಹೊರಗೆ ಬರುತ್ತದೆ. ಶಾಲೆಯಲ್ಲಿ ಚೆನ್ನಾಗಿದ್ದ, ಮನೆಗೆ ಬಂದು ಚಪ್ಪಲಿ ಎಸೆದ ಅಂದರೆ ನಿಮ್ಮ ಸಾಕಣೆ ಕೆಟ್ಟಿದೆ ಅಂತಲ್ಲ. ಮನೆ ಅವನಿಗೆ ಭಯವಿಲ್ಲದ ಜಾಗ ಅಂತ. ನಾನು "ಇವತ್ತು ಹೇಗಿತ್ತು?" ಅಂತ ಕೇಳುವುದನ್ನೇ ಬಿಟ್ಟೆ. ಒಂದು ಗಂಟೆ ಮಾತಿಲ್ಲ, ಹೋಮ್‌ವರ್ಕ್ ಇಲ್ಲ, ನೆಂಟರಿಲ್ಲ. ಮಶಿನ್ ಕೂಡ ನಿಲ್ಲಿಸುತ್ತೇನೆ, ಆ ಹೊತ್ತಿನಲ್ಲಿ ಕಾಜಾ ಕೆಲಸ ಕೈಯಲ್ಲೇ ಮಾಡುತ್ತೇನೆ. ಸುದ್ದಿ ಬರುವುದಾದರೆ ರಾತ್ರಿ ದೀಪ ಆರಿದ ಮೇಲೆ ಬರುತ್ತದೆ, ಕತ್ತಲಲ್ಲಿ, ಮುಖ ಕಾಣದಾಗ.

ಇನ್ನೊಂದು ತಯಾರಿ ಬೇಕು. ಒಬ್ಬನೇ ಗೆಳೆಯ ಇದ್ದಾಗ ಅವನು ರಜೆ ಹಾಕಿದ ದಿನ ಏನು? ಅದನ್ನೂ ಮೊದಲೇ ಬರೆದಿಡಿ. ನಮ್ಮ ಪುಸ್ತಕದಲ್ಲಿ ಈಗ ಒಂದು ಪುಟ ಇದೆ: "ಕೆಲವು ದಿನ ಅವನು ಬರುವುದಿಲ್ಲ. ಜ್ವರ ಇರಬಹುದು. ನಾನು ಲೈಬ್ರರಿಗೆ ಹೋಗಬಹುದು. ಸಾಮಾನ್ಯವಾಗಿ ಅವನು ಮತ್ತೆ ಬರುತ್ತಾನೆ."

ಕಳೆದ ತಿಂಗಳು ಆ ಪುಟ ಬೇಕಾಯಿತು. ಆ ಹುಡುಗನಿಗೆ ಈಗ ಬೀಗದ ನಂಬರು ಮರೆಯುವುದಿಲ್ಲ. ಬೇಕಂತಲೇ ಬದಲಿಸಿ ತನ್ನ ಅಮ್ಮನ ಹತ್ತಿರ ಹೊಸ ನಂಬರ್ ಇಡಿಸಿಕೊಂಡು ಬರುತ್ತಾನೆ, ಇಬ್ಬರೂ ಕೂತು ಮತ್ತೆ 000ದಿಂದ ಹುಡುಕುತ್ತಾರೆ. ಅರ್ಧಕ್ಕೆ ನಿಲ್ಲಿಸಿದ್ದಾಗ ಅವನಿಗೆ ಜ್ವರ ಬಂತು, ಮೂರು ದಿನ ಶಾಲೆಗೆ ಬರಲಿಲ್ಲ. ಬೀಗ ನನ್ನ ಮಗನ ಬ್ಯಾಗಿನಲ್ಲೇ ಉಳಿದಿತ್ತು. ದಿನವೂ ತೆಗೆದು ಮೇಜಿನ ಮೇಲಿಟ್ಟ, ಬಟ್ಟೆಯಿಂದ ಒರೆಸಿದ. ಚಕ್ರ ಮಾತ್ರ ತಿರುಗಿಸಲಿಲ್ಲ. ಅಂಗೈ ಮೇಲಿನ 441 ಸ್ನಾನದಲ್ಲಿ ಅಳಿಸಿದಾಗಲೆಲ್ಲ ಬಂದು ಪೆನ್ನು ಕೇಳಿ ಮತ್ತೆ ಬರೆದುಕೊಂಡ.